ತೊಳದದ್ದೇ ತಪ್ಪಾತು

ನಮ್ಮ ಮನಿಗೆ ಯಾರ ಬಂದ್ರೂ ಚಪ್ಪಲ್ ಬಿಡೂಮುಂದನ ಕೇಳ್ತಾರ, "ಎಷ್ಟ ಉಳದಾವರೀ?" ಅಂತ. ಆರಾಮ ಇದ್ದೀರೇನು, ಚಾ ಆತೇನು ಅನ್ನೂದೆಲ್ಲಾ ಆಮ್ಯಾಲೆ. ಓಣ್ಯಾಗ ಅಷ್ಟು ಸುದ್ದಿ ಆಗೈತಿ ನಮ್ಮ ಮೀನಿನ ಪೆಟ್ಟಿಗಿದು. ಒಬ್ಬೊಬ್ಬರಿಗೆ ಬ್ಯಾರೆ ಬ್ಯಾರೆ ಹೇಳಿ ನನಗೂ ಸಾಕಾಗೈತಿ. ಅದಕ್ಕ ಒಮ್ಮೆ ಇಲ್ಲೇ ಎಲ್ಲಾ ಬರದು ಬಿಡ್ತೀನಿ. ಅಕ್ಕಾರು, ವೈನ್ಯಾರು, ತಂಗ್ಯಾರು ಎಲ್ಲಾರೂ ಓದ್ರಿ. ಇದರಾಗ ನಾ ಶಾಣ್ಯಾಕಿ ಆಗಿದ್ದೇನೂ ಇಲ್ಲ, ಮೊದಲ ಹೇಳ್ತೀನಿ.

ಹ್ವಾದ ವರ್ಷ ಶ್ರಾವಣದಾಗ ನಮ್ಮನಿಯವ್ರಿಗೆ ಎದಿ ನೋವು ಬಂದು ದವಾಖಾನಿಗೆ ಹಾಕಿದ್ದು ನಿಮಗೆಲ್ಲಾ ಗೊತ್ತೈತಿ. ಎರಡು ಸ್ಟೆಂಟ್ ಹಾಕಿದ್ರು. ಮನಿಗೆ ಕಳಸೂಮುಂದ ಡಾಕ್ಟ್ರು ಹೇಳಿದ್ದು ನಾಕು ಮಾತು. ಉಪ್ಪು ಕಡಿಮಿ, ಎಣ್ಣಿ ಕಡಿಮಿ, ದಿನಾ ಅರ್ಧಾ ತಾಸು ಅಡ್ಡಾಡಬೇಕು, ಸಿಟ್ಟಿಗೇಳಬಾರದು. ಮೊದಲಿನ ಮೂರು ನನ್ನ ಕೈಯಾಗಿದ್ವು, ಮಾಡಿದೆ. ನಾಕನೇದು ಹೆಂಗ ಮಾಡಸ್ತೀರಿ? ಮೂವತ್ತೈದು ವರ್ಷ ಬ್ಯಾಂಕಿನ್ಯಾಗ ಕ್ಯಾಶಿಯರ್ ಆಗಿ ನೋಟು ಎಣಿಸಿದ ಮನಷ್ಯಾ, ರಿಟೈರ್ ಆದ ಮ್ಯಾಲೆ ಮುಂಜಾನೆ ಎದ್ದು ಟಿವಿ ನ್ಯೂಸ್ ಹಚ್ಚಿ ಅದರ ಜೋಡಿ ಜಗಳಾ ಆಡೂದ ಅವ್ರ ಡ್ಯೂಟಿ. ಬ್ಯಾನಿಯಿಂದ ಎದ್ದ ಮ್ಯಾಲೆ ಅದೂ ನಿಂತು ಹೋತು. ಸುಮ್ಮನ ಪಡಸಾಲ್ಯಾಗ ಕುರ್ಚಿ ಹಾಕ್ಕೊಂಡು ಎದಿ ಮ್ಯಾಲೆ ಕೈ ಇಟ್ಕೊಂಡು ಕುಂಡ್ರೂದು. ಜಗಳಾ ಆಡಿದ್ರನ ಛಲೋ ಇತ್ತು ಅನಸ್ತಿತ್ತು ನನಗ.

ಇನ್ನೊಂದು ಮಾತಿತ್ತು. ದವಾಖಾನಿ ಪ್ಯಾಸೇಜಿನ್ಯಾಗ ಡಾಕ್ಟ್ರು ನನಗೂ ನನ್ನ ಮಗಗೂ ಒಂದು ಮಾತು ಹೇಳಿದ್ರು, ಅದನ್ನ ನಾವಿಬ್ಬರೂ ಇವ್ರಿಗೆ ಹೇಳಿರಲಿಲ್ಲ. ಅದು ಏನು ಅಂತ ಮುಂದ ಬರ್ತೈತಿ.

ಪುಣೇದಾಗಿನ ಮಗ ದೀಪಾವಳಿಗೆ ಬಂದಾಂವ ಅಪ್ಪನ ಮಾರಿ ನೋಡಿದ. ಮರುದಿನ ಹುಬ್ಬಳ್ಳಿಗೆ ಹೋಗಿ ಕಾಜಿನ ಪೆಟ್ಟಿಗಿ ಹೊತಗೊಂಡು ಬಂದ. ಎರಡು ಫೂಟ್ ಉದ್ದ, ಒಂದು ಫೂಟ್ ಅಗಲ, ಒಂದು ಫೂಟ್ ಎತ್ತರ. ಜೋಡಿಗೆ ಬಣ್ಣದ ಹಳ್ಳು, ಗಾಳಿ ಬಿಡೂ ಪಂಪು, ಒಳಗ ಸ್ಪಂಜ್ ಇರೂ ಫಿಲ್ಟರು. "ಮೀನಾ ನೋಡಿದ್ರ ಮನಸ್ಸು ತಣ್ಣಗ ಆಗ್ತೈತೆವ್ವಾ" ಅಂದ.

ನಮ್ಮ ಅತ್ತಿಯವ್ರಿಗೆ ಎಂಬತ್ನಾಕು. ಅವ್ರು ದೇವರಮನಿ ಬಾಗಿಲದಾಗ ನಿಂತು, "ಮೀನಾ ಮನ್ಯಾಗ? ಮಂದಿ ಏನಂದಾರು! ಸಾರು ಮಾಡಾಕ ತಂದಾರ ಅಂದಾರು!" ಅಂದ್ರು. ನಾವು ಮೀನಾ ಅಂದ್ರ ಪಂಚಾಂಗದ ರಾಶ್ಯಾಗ ನೋಡಿದ ಮಂದಿ. ನಗು ಬಂತು, ಆದ್ರ ನನಗೂ ಒಳಗ ಅದ ಅಂಜಿಕಿ ಇತ್ತು.

ಅಂಗಡಿಯಾಂವ ಒಂಬತ್ತು ಮೀನಾ ಕೊಟ್ಟಿದ್ದ. ಎಂಟು ಬಂಗಾರದ ಬಣ್ಣದ್ದು, ಒಂದು ಕರೇದು, ಕಣ್ಣು ಗುಡ್ಡಿ ಹೊರಗ ಬಂದದ್ದು. ಎಂಟು ಲಕ್ಷ್ಮಿ ತರ್ತಾವ, ಕರೇದು ಮನಿ ಮ್ಯಾಲಿನ ದೃಷ್ಟಿ ತಾ ತಗೋತೈತಿ, ಒಂಬತ್ತಕ್ಕಿಂತ ಕಡಿಮಿ ಇಡಬಾರದು ಅಂತ ಹೇಳಿ ಕಳಸಿದ್ದ. ಎರಡು ದಿನ ನೀರು ತುಂಬಿಟ್ಟು ಬಿಡ್ರಿ, ಸಾಕು ಅಂದಿದ್ದ. ಹಂಗ ಮಾಡಿದ್ವಿ.

ಮೊದಲಿನ ಮೂರು ದಿನ ಏನ ಹೇಳ್ಲಿ, ಮನಿ ಬ್ಯಾರೇನ ಆತು. ಇವ್ರು ಕುರ್ಚಿ ತಿರವಿ ಪೆಟ್ಟಿಗಿ ಮುಂದ ಹಾಕ್ಕೊಂಡ್ರು. "ಇದು ನೋಡ, ಇದು ಜಗಳಗಂಟಿ, ಅದರ ಬಾಲಕ್ಕ ಬಾಯಿ ಹಚ್ಚತೈತಿ" ಅಂತ ನನ್ನ ಅಡಗಿಮನಿಯಿಂದ ಕರದು ತೋರಸೂದು. ತಿಂಗಳಾಗಿತ್ತು ಇವ್ರು ನನ್ನ ಯಾತಕ್ಕರ ಕರದು. ಅತ್ತಿಯವ್ರೂ ಮೆತ್ತಗ ಆದ್ರು. ನಾವು ಯಾರೂ ಇಲ್ಲದಾಗ ಚುರುಮುರಿ ಹಾಕ್ತಿದ್ರು ಅನ್ನೂದು ನನಗ ಭಾಳ ತಡಾ ಆಗಿ ಗೊತ್ತಾತು, ಹಳ್ಳಿನ ಕೆಳಗ ಉಬ್ಬಿ ಕುಂತಿದ್ವು. ನಾ ಮುಂಜಾನೆ ಹಾಕೂದು, ಇವ್ರು ಮಧ್ಯಾಹ್ನ, ಅತ್ತಿ ಸಂಜಿಮುಂದ. ಬಾಯಿ ತಕ್ಕೊಂಡು ಮ್ಯಾಲೆ ಬಂದ್ವು ಅಂದ್ರ ಹಸದಾವ ಅಂತನ ನಾವೆಲ್ಲಾ ತಿಳ್ಕೊಂಡಿದ್ವಿ.

ನಾಕನೇ ದಿನ ನೀರು ಅಕ್ಕಿ ತೊಳದ ನೀರಿನಂಗ ಬೆಳ್ಳಗ ಆತು.

ನನಗ ಗೊತ್ತಿರೂ ಔಷಧ ಒಂದ ಐತಿ ಅಕ್ಕಾರ, ತಿಕ್ಕಿ ತೊಳಿಯೂದು. ನಮ್ಮ ಮನಿಗೆ ಬಂದವ್ರು ನನ್ನ ಹಿತ್ತಾಳಿ ತಂಬಗಿ ನೋಡಿ ಮಾರಿ ಕಾಣ್ತಾವ ಅಂತಾರ. ಬಚ್ಚಲದಾಗ ಕುಂತು ಊಟಾ ಮಾಡಬಹುದು ಅಂತ ನಮ್ಮ ನಾದಿನಿ ಚ್ಯಾಷ್ಟಿ ಮಾಡ್ತಿರ್ತಾಳ. ಹಂತಾ ನನ್ನ ಮನಿ ಪಡಸಾಲ್ಯಾಗ, ಬಂದವ್ರ ಕಣ್ಣಿಗೆ ಮೊದಲ ಬೀಳೂ ಜಾಗಾದಾಗ, ಹೊಲಸು ನೀರು! ಐದನೇ ದಿನ ಮೀನ ಹಿಡದು ಬಕೆಟಿಗೆ ಹಾಕಿದೆ. ಪೆಟ್ಟಿಗಿ ಪೂರಾ ಖಾಲಿ ಮಾಡಿ ಬಿಸಿನೀರಾಗ ಹಳ್ಳು ಕುದಿಸಿದೆ. ಫಿಲ್ಟರಿನ ಸ್ಪಂಜ್ ನಳದ ಕೆಳಗ ಹಿಡದು ಹಿಂಡಿ ಹಿಂಡಿ ಅಂಗಡ್ಯಾಗಿಂದು ತಂದಂಗ ಮಾಡಿದೆ. ಅವತ್ತ ನಮ್ಮ ಓಣಿಗೆ ನಳಾ ಬರೂ ದಿನ. ವಾರಕ್ಕೊಮ್ಮೆ ಬರೂ ಮಲಪ್ರಭಾ ನೀರು, ಛಲೋ ಹೊಸಾ ನೀರು ಸಿಕ್ತು ಅಂತ ಪೈಪ್ ಹಚ್ಚಿ ಸೀದಾ ಪೆಟ್ಟಿಗಿಗೇನ ಬಿಟ್ಟೆ. ಬ್ಲೀಚಿಂಗ್ ವಾಸನಿ ಬರ್ತಿತ್ತು. ಆ ವಾಸನಿ ಬಂದ್ರ ನೀರು ಸ್ವಚ್ಛ ಐತಿ ಅಂತಲ್ಲೇನು ನಾವು ತಿಳ್ಕೊಳ್ಳೂದು!

ಮುಂಜಾನೆ ಎರಡು ಸತ್ತು ತೇಲ್ತಿದ್ವು.

ಇವ್ರೇ ಮೊದಲ ನೋಡಿದ್ದು. ಏನೂ ಅನ್ನಲಿಲ್ಲ. ಅದ ಹೊತ್ತಿಗೆ ಬಾಜೂಮನಿ ಅಕ್ಕಾರು ಕರಿಬೇವು ಕೇಳಾಕ ಬಂದ್ರು, ನೋಡಿದ್ರು, "ಛಲೋನ ಆತು ಬಿಡ್ರಿ, ಮನಿ ಮ್ಯಾಲೆ ಬರೂದು ಮೀನಿನ ಮ್ಯಾಲೆ ಹೋತು. ಮೀನಾ ಸತ್ರ ಮನಿ ಮಂದೀದು ಒಂದು ಗಂಡಾಂತರ ಕಳೀತು ಅಂತ ತಿಳ್ಕೋಬೇಕು" ಅಂದ್ರು. ಸಮಾಧಾನಕ್ಕ ಹೇಳಿದ್ದು, ಅವ್ರ ಮ್ಯಾಲೆ ನನಗ ಸಿಟ್ಟಿಲ್ಲ. ಆದ್ರ ನಾ ಇವ್ರ ಮಾರಿ ನೋಡಿದೆ. ಕೈ ಮತ್ತ ಎದಿ ಮ್ಯಾಲೆ ಹೋಗಿತ್ತು. ಎರಡು ಸ್ಟೆಂಟು, ಎರಡು ಮೀನಾ. ಅವತ್ತಿನಿಂದ ಇವ್ರು ಮೀನಾ ನೋಡೂದು ಬಿಟ್ಟು ಮೀನಾ ಎಣಿಸಾಕ ಹತ್ತಿದ್ರು.

ಅಂಗಡಿಯಾಂವಗ ಫೋನ್ ಮಾಡಿದ್ರ, ನಳದ ನೀರಾಗ ಕ್ಲೋರಿನ್ ಇರ್ತೈತಿ, ಬೋರ್ ನೀರು ಹಾಕ್ರಿ ಅಂದ. ಬೋರ್ ನೀರು ಹಾಕಿದೆ. ನಮ್ಮ ಬೋರ್ ನೀರು ನಿಮಗ ಗೊತ್ತೈತಿ, ಕೊಡದ ತಳಕ್ಕ ಬಿಳೇ ಹಕ್ಕಳಿ ಕಟ್ಟತೈತಿ, ಬ್ಯಾಳಿ ಬೇಯೂದಿಲ್ಲ. ಮೂರು ದಿನಕ್ಕ ಒಂದು ಹೋತು. ಅವತ್ತ ನನಗ ನಿದ್ದಿ ಬಂದಿರಲಿಲ್ಲ, ನಸಿಕಿನ್ಯಾಗ ನಾಕೂವರಿಗೆ ಎದ್ದು ಮೊಬೈಲ್ ಬ್ಯಾಟರಿ ಹಚ್ಚಿ ನೋಡಿದೆ. ಕರೇ ಮೀನಿನ ಬಾಜೂ ಅಡ್ಡ ಬಿದ್ದಿತ್ತು. ಚಹಾದ ಸೋಸಣಿಗಿಲೆ ತಗದು (ಆ ಸೋಸಣಿಗಿ ಆಮ್ಯಾಲೆ ಒಗದೆ, ಅಂಜಬ್ಯಾಡ್ರಿ) ಹಿತ್ತಲಕ್ಕ ಹೋಗಿ ದಾಸವಾಳದ ಬುಡಕ ಖುರಪಿಲೆ ತೆಗ್ಗು ತಗದು ಮುಚ್ಚಿದೆ. ಮರುದಿನ ಮತ್ತೊಂದು. ಇವ್ರು ಆರೂವರಿಗೆ ಏಳೂದ್ರಾಗ ನಾ ಕೈ ತೊಳಕೊಂಡು ಚಾಕ್ಕ ಇಟ್ಟಿರ್ತಿದ್ದೆ.

ಆದ್ರ ಏಳು ಇದ್ದದ್ದು ಐದು ಆದ್ರ ಎಣಿಸೂ ಮನಷ್ಯಾಗ ಗೊತ್ತಾಗೂದಿಲ್ಲೇನು? ಇವ್ರು ಎಣಿಸೂದ್ರಾಗ ತಂದು ಹಾಕಬೇಕು ಅಂತ, "ತಂಗಿ ಮನಿಗೆ ಹೋಗಿ ಬರ್ತೀನಿ" ಅಂತ ಮುಂಜಾನೇನ ಸುಳ್ಳು ಹೇಳಿದೆ. ಪೆಟ್ಟಿಗಿ ಮ್ಯಾಲೆ ಹಾಸಿಗಿ ಚಾದರ ಹೊಚ್ಚಿ, "ಬೆಳಕಿಗೆ ಅಂಜತಾವಂತ, ಮಧ್ಯಾಹ್ನದ ತನಕ ತಗೀಬ್ಯಾಡ್ರಿ" ಅಂತ ಎರಡನೇ ಸುಳ್ಳು. ಚಿಗರಿ ಬಸ್ಸಿನ್ಯಾಗ ಹುಬ್ಬಳ್ಳಿಗೆ ಹೋಗಿ ಅಂಥಾವ ಎರಡು ತಂದೆ. ಬರೂಮುಂದ ಪ್ಲಾಸ್ಟಿಕ್ ಚೀಲಾ ಸೆರಗಿನ್ಯಾಗ ಮುಚ್ಚಿ ಹಿಡಕೊಂಡು ಕುಂತಿದ್ದೆ. ಬಾಜೂಕ ಕುಂತ ಕಾಲೇಜ್ ಹುಡುಗಿ ನೋಡಿ, "ಎಷ್ಟ ಛಂದ ಅದಾವರೀ ಆಂಟಿ, ಮಮ್ಮಗಗೇನು?" ಅಂದ್ಲು. "ಹೂಂ" ಅಂದೆ. ಮದುವಿನ ಆಗಿಲ್ಲ ಮಗಂದು, ಮಮ್ಮಗ ಎಲ್ಲಿಂದ ಬರ್ಬೇಕು. ಒಂದು ಸುಳ್ಳು ಸುರು ಆದ್ರ ಹಿಂಗ, ಬಸ್ಸಿನ್ಯಾಗಿನ ಗುರ್ತಿಲ್ಲದವ್ರಿಗೂ ಹೇಳಬೇಕಾಗ್ತೈತಿ.

ಇಷ್ಟಾದ್ರೂ ತೊಳಿಯೂದು ಬಿಟ್ಟೆನೇನು? ಇಲ್ಲ. ಜಾಸ್ತಿ ಮಾಡಿದೆ. ಹೊಲಸಿಗೇನ ಸಾಯಾಕತ್ತಾವ ಅನ್ನೂದು ತಲಿಯಾಗ ಕುಂತಿತ್ತು. ಮತ್ತ ಎರಡು ಹೋದ್ವು, ಹಳೇವ. ಮತ್ತ ಚಾದರಾ, ಮತ್ತ ಚಿಗರಿ, ಮತ್ತ ಎರಡು. ಆಮ್ಯಾಲೆ ನೀರು ಬದಲಿ ಮಾಡಿ ಮಾಡಿ ದಣದಾವೇನೋ ಅಂತ ವಾರಗಟ್ಟಲೆ ನೀರು ಮುಟ್ಟಲಿಲ್ಲ, ಬರೇ ಸ್ಪಂಜ್ ಅಷ್ಟ ದಿನಾ ತೊಳೀತಿದ್ದೆ, ಬಡಕ ಆಗ್ಯಾವ ಅಂತ ಕಾಳು ಒಂದು ಚಿಮಟಗಿ ಹೆಚ್ಚಿಗಿ ಹಾಕ್ತಿದ್ದೆ. ನೀರು ಈಗ ಪಳಪಳ ಕನ್ನಡಿಯಂಗ ಇತ್ತು. ನನಗ ಹೆಮ್ಮಿ.

ಒಂದು ಸೋಮವಾರ ನಸಿಕಿನ್ಯಾಗ ನೋಡ್ತೀನಿ, ನಾಕು ಸತ್ತಿದ್ವು. ಹೊಸಾವ, ನಾಕಕ್ಕ ನಾಕೂ. ಉಳದ ಮೂರು ನೀರಿನ ಮ್ಯಾಲೆ ಬಾಯಿ ಹಚ್ಚಿ ಗುಟುಕು ಗುಟುಕು ಗಾಳಿ ಕುಡೀತಿದ್ವು. ಕಿವಿರು ಅನ್ನೂ ಜಾಗಾ ಕೆಂಪಗ ಉರದಂಗ ಆಗಿತ್ತು. ನಾ ಅಲ್ಲೇ ನೆಲದ ಮ್ಯಾಲೆ ಕುಂತೆ. ನಾಕು ಎಲ್ಲಿ ಮುಚ್ಚಿಡ್ಲಿ? ಸಪ್ಪಳಾ ಕೇಳಿ ಇವ್ರು ಎದ್ದು ಬಂದ್ರು, ನನ್ನ ಕೈಯಾಗಿನ ಖುರಪಿ ನೋಡಿದ್ರು, ಪೆಟ್ಟಿಗಿ ನೋಡಿದ್ರು. "ತಾ ಇಲ್ಲೆ" ಅಂತ ಖುರಪಿ ಇಸಗೊಂಡು ತಾವ ಹಿತ್ತಲಕ್ಕ ಹೋದ್ರು. ದಾಸವಾಳದ ಗಿಡಾ ಎಲ್ಲೈತಿ, ಎಲ್ಲಿ ಮಣ್ಣು ಮೆತ್ತಗೈತಿ ಅಂತ ನನ್ನ ಕೇಳಲಿಲ್ಲ. ಅದು ಅವತ್ತ ನನಗ ಹೊಳೀಲಿಲ್ಲ.

ಅದ ವಾರ ನಮ್ಮ ತಂಗಿ ಮಗಳು ಬಂದ್ಲು. ಬಿ.ಎಸ್ಸಿ. ಮಾಡ್ಯಾಳ, ಮೈಕ್ರೋಬಯಾಲಜಿ. ನಾ ಅಳೂದು ಕೇಳಿ ಸಣ್ಣ ಡಬ್ಬಿ ತಂದಿದ್ಲು, ಅದರಾಗ ಔಷಧದ ಬಾಟ್ಲಿಗಳು, ಕಾಜಿನ ನಳಿಗಿ. ಪೆಟ್ಟಿಗಿ ನೀರು ನಳಿಗ್ಯಾಗ ಹಿಡದು ಹನಿ ಹಾಕಿ ಅಳ್ಳಾಡಿಸಿ ಐದು ನಿಮಿಷ ಬಿಟ್ಲು. ಕನ್ನಡಿಯಂಥಾ ನೀರು ಕೊತ್ತಂಬರಿ ಹಸರಿನಂಗ ಆತು. "ದೊಡ್ಡವ್ವ, ಇದು ಅಮೋನಿಯಾ. ಹಳದಿ ಬಂದ್ರ ಸೊನ್ನಿ. ಹಸರು ಆದಷ್ಟು ವಿಷ. ಇದು ನಾಕರ ಹತ್ರ ಐತಿ. ಸೊನ್ನಿ ಇರಬೇಕು" ಅಂದ್ಲು. ಬೋರ್ ನೀರಿನ ಪಿಎಚ್ ನೋಡಿದ್ಲು, ಎಂಟರ ಮ್ಯಾಲೆ. ಪಿಎಚ್ ಏರಿದಷ್ಟು ಅದ ಅಮೋನಿಯಾ ಇನ್ನೂ ಕೆಟ್ಟ ಆಗ್ತೈತಂತ.

"ನಾ ಇಷ್ಟ ತೊಳದ್ರೂ ಅದು ಎಲ್ಲಿಂದ ಬಂತವಾ?"

"ತೊಳದದ್ದಕ್ಕ ಬಂತು" ಅಂದ್ಲು.

ಆಕಿ ಹೇಳಿದ್ದು ನನಗ ತಿಳದಂಗ ಹೇಳ್ತೀನಿ. ಮೀನಾ ತಿಂದು ಹೇತದ್ದು, ಕಿವಿರಿನಿಂದ ಬಿಟ್ಟದ್ದು, ತಿನ್ನದ ಉಳದ ಕಾಳು, ನಮ್ಮ ಅತ್ತಿಯವ್ರ ಚುರುಮುರಿ, ಎಲ್ಲಾ ಕೊಳತು ಅಮೋನಿಯಾ ಆಗ್ತೈತಿ. ಅದು ಕಣ್ಣಿಗೆ ಕಾಣೂದಿಲ್ಲ. ಕೆರ್‍ಯಾಗ, ಹೊಳ್ಯಾಗ ಇದನ್ನ ತಿನ್ನೂ ಸಣ್ಣ ಜೀವಾ ಇರ್ತಾವ. ಒಂದು ಜಾತಿ ಬ್ಯಾಕ್ಟೀರಿಯಾ ಅಮೋನಿಯಾ ತಿಂದು ನೈಟ್ರೈಟ್ ಮಾಡ್ತೈತಿ, ಅದೂ ವಿಷಾನ. ಇನ್ನೊಂದು ಜಾತಿ ಆ ನೈಟ್ರೈಟ್ ತಿಂದು ನೈಟ್ರೇಟ್ ಮಾಡ್ತೈತಿ. ಅದು ಅಷ್ಟು ಕೆಟ್ಟದ್ದಲ್ಲ, ಗಿಡಕ್ಕಂತೂ ಗೊಬ್ಬರಾನ. ಹೊಸಾ ಪೆಟ್ಟಿಗ್ಯಾಗ ಈ ಜೀವಾ ಇರೂದಿಲ್ಲ. ತಾವ ಬೆಳದು ನೆಲಿ ನಿಂದ್ರಾಕ ನಾಕರಿಂದ ಆರು ವಾರ ಬೇಕು. ಮತ್ತ ಅವು ನೀರಾಗ ತೇಲ್ಕೊಂಡಿರೂದು ಕಡಿಮಿ, ಹಳ್ಳಿನ ಮ್ಯಾಲೆ, ಹೆಚ್ಚಾಗಿ ಫಿಲ್ಟರಿನ ಸ್ಪಂಜಿನ್ಯಾಗ ಮನಿ ಮಾಡ್ಕೊಂಡಿರ್ತಾವ. ಸ್ಪಂಜಿಗೆ ಹತ್ತಿದ ಆ ಕಂದು ಲೋಳಿ ಐತಲ್ಲ, ನಾ ದಿನಾ ನಳದ ಕೆಳಗ ಹಿಂಡಿ ಹಿಂಡಿ ತಗೀತಿದ್ದೆನಲ್ಲ, ಅದ ಅವ್ರ ಮನಿ. ಹಳ್ಳು ಕುದಿಸಿದೆ, ಅಲ್ಲಿಂದೂ ಹೋದ್ವು. ನಳದಾಗಿನ ಕ್ಲೋರಿನ್ ನಮ್ಮ ಹೊಟ್ಟಿ ಕೆಡಸೂ ಕ್ರಿಮಿ ಕೊಲ್ಲಾಕ ಹಾಕಿದ್ದು, ಅದು ಈ ಪಾಪದ್ದು ಯಾವದು, ಆ ಪಾಪದ್ದು ಯಾವದು ಅಂತ ಕೇಳೂದಿಲ್ಲ. ಮೊದಲಿನ ಎರಡು ಮೀನಿನ ಕಿವಿರು ಸುಟ್ಟದ್ದೂ ಅದರಿಂದನ ಇರಬೇಕು ಅಂದ್ಲು. ಹಳೇ ಮೂರು ಹೆಂಗೋ ಸೋಸಿಕೊಂಡು ರೂಢಿ ಆಗಿದ್ವು, ಹೊಸಾವು ಸೀದಾ ವಿಷದಾಗ ಬಂದು ಬಿದ್ವು.

ಅದರಾಗ ನೀವು ಐವತ್ತು ಲೀಟರ್ ನೀರಿಗೆ ಒಂಬತ್ತು ಗೋಲ್ಡ್ ಫಿಶ್ ಬಿಟ್ಟೀರಿ, ಒಂದೊಂದು ಗೇಣುದ್ದ ಬೆಳಿಯೂ ಮೀನಾ, ಎರಡ ಇದ್ರೂ ಹೆಚ್ಚಾತು ಅಂತ ನಕ್ಳು.

ಅಕ್ಕಾರ, ನಾ ಪಿಯುಸಿ ಸೈನ್ಸ್ ಓದಿದಾಕಿ. ನೈಟ್ರೋಜನ್ ಸೈಕಲ್ ಅಂತ ಬಯಾಲಜಿ ಪಟ್ಟಿಯಾಗ ಚಿತ್ರಾ ತಗದೀನಿ. ಒಂದು ಆಕಳಾ, ಒಂದು ಗಿಡಾ, ಸುತ್ತಲೂ ಬಾಣದ ಗುರ್ತು. ಬಾಣಾ ಛಂದ ಬರಲಿ ಅಂತ ಸ್ಕೇಲ್ ಇಟ್ಟು ತಗದಿದ್ದು ನೆನಪೈತಿ. ಅದು ನಮ್ಮ ಪಡಸಾಲ್ಯಾಗ ಬಂದು ಕುಂತಾಗ ನನಗ ಗುರ್ತ ಹತ್ತಲಿಲ್ಲ.

ಖರೇ ಹೇಳ್ಬೇಕಂದ್ರ, ಆ ಹುಡುಗಿ ಮ್ಯಾಲೆ ನನಗ ಸಿಟ್ಟು ಬಂತು. ಮೂವತ್ತೆರಡು ವರ್ಷ ಈ ಮನಿ ತಿಕ್ಕೀನಿ. ನನಗ ನೌಕರಿ ಇಲ್ಲ, ಹೊಲಾ ಇಲ್ಲ, ಸ್ವಚ್ಛ ಇಟ್ಟಾಳ ಅನ್ನೂದೊಂದ ನನ್ನ ಸರ್ಟಿಫಿಕೇಟು. ಅದ ತಪ್ಪು ಅಂದ್ರ? ಅಡಗಿಮನಿಗೆ ಹೋಗಿ ಸುಮ್ಮ ಸುಮ್ಮನ ಡಬ್ಬಿ ಸರಿಸಾಡಿದೆ. ಹಾಲು ಆರಿತ್ತು, ಹೆಪ್ಪು ಹಾಕಬೇಕಿತ್ತು. ನಿನ್ನಿ ಮೊಸರಿನ ಗಡಗಿ ತಳದಾಗ ಒಂದು ಚಮಚಾ ಉಳಸಿದ್ದೆ, ದಿನಾ ಉಳಸೂವಂಗ. ಈ ಹೆಪ್ಪು ನಾ 1992ರಾಗ ಮದುವ್ಯಾಗಿ ಬಂದಾಗ ಅತ್ತಿಯವ್ರು ಕೈಯಾಗ ಕೊಟ್ಟದ್ದು, ಇವತ್ತಿನ ತನಕ ಬಿಡದ ನಡದೈತಿ. ಎಲ್ಲಾ ಪಾತ್ರಿ ತಿಕ್ಕಿದ್ರೂ ಈ ಒಂದು ಚಮಚಾ ಯಾವತ್ತೂ ತಿಕ್ಕಿ ಒಗದಿಲ್ಲ. ಚಮಚಾ ಕೈಯಾಗ ಹಿಡಕೊಂಡು ಅಲ್ಲೇ ನಿಂತೆ. ನಾ ಆ ಪೆಟ್ಟಿಗ್ಯಾಗ ಮಾಡಿದ್ದು ಏನು? ದಿನಾ ಹೆಪ್ಪು ತೊಳದು ಚೆಲ್ಲಿ, ಮರುದಿನ ಹಾಲು ಯಾಕ ಹೆಪ್ಪುಗಟ್ಟಲಿಲ್ಲ ಅಂತ ಗಡಗಿ ತಿಕ್ಕಿದ್ದು.

ಹೊರಗ ಬಂದು, "ಮೀನಿಗೆ ಹೆಪ್ಪು ಎಲ್ಲಿ ಸಿಗ್ತೈತಿ?" ಅಂದೆ. ಆಕಿ ಬಾಯಿ ತಕ್ಕೊಂಡು ನನ್ನ ನೋಡಿದ್ಲು.

ಸಿಗ್ತೈತಿ! ಆಕಿ ಗೆಳತಿ ಮನ್ಯಾಗ ಮೂರು ವರ್ಷದ ಹಳೇ ಪೆಟ್ಟಿಗಿ ಐತಂತ. ಮರುದಿನ ಅವ್ರ ಫಿಲ್ಟರಿನ ಸ್ಪಂಜ್ ಒಂದು ತುಂಡು, ಅದ ಪೆಟ್ಟಿಗಿ ನೀರಾಗ ಮುಳಗಿಸಿ ಡಬ್ಬ್ಯಾಗ ತಂದ್ಲು. ನೋಡಿದ್ರ ಬಚ್ಚಲ ಮೋರಿಯಿಂದ ತಗದಂಗಿತ್ತು. ಅದನ್ನ ನನ್ನ ಕೈಲೆ ಎತ್ತಿ ನನ್ನ ಕನ್ನಡಿಯಂಥಾ ನೀರಾಗ ಇಡಬೇಕಾದ್ರ ನನ್ನ ಜೀವಾ ಏನಾತು ಅಂತ ನೀವು ತಿಳ್ಕೋಬಹುದು. ಇಟ್ಟೆ.

ಅವತ್ತ ಅರ್ಧಾ ನೀರು ತಗದ್ವಿ. ಎರಡು ದಿನ ಬಕೆಟಿನ್ಯಾಗ ಬಾಯಿ ತಗದಿಟ್ಟ ನಳದ ನೀರು ಹಾಕಿದ್ವಿ, ಹಂಗ ಇಟ್ರ ಕ್ಲೋರಿನ್ ಹಾರಿ ಹೋಗ್ತೈತಿ. ಅವಸರ ಇದ್ದಾಗ ಹಾಕಾಕ ಸಕ್ಕರಿ ಹರಳಿನಂಥಾ ಹೈಪೋ ತಂದು ಕೊಟ್ಲು, ಹಿಂದಕ ಫೋಟೋ ಸ್ಟುಡಿಯೋದವ್ರು ಕತ್ತಲ ಖೋಲ್ಯಾಗ ಬಳಸತಿದ್ದದ್ದ ಅದು. ಎರಡು ದಿನ ಕಾಳು ಬಂದ್. ಆಮ್ಯಾಲೆ ದಿನಕ್ಕೊಮ್ಮೆ, ಎರಡು ನಿಮಿಷದಾಗ ತಿಂದು ಮುಗಿಸುವಷ್ಟು. ಅತ್ತಿಯವ್ರಿಗೆ ಕೈ ಮುಗದು ಚುರುಮುರಿ ಬಿಡಿಸಿದೆ. ದಿನಾ ಬಿಟ್ಟು ದಿನಾ ಹತ್ತು ಲೀಟರ್ ತಗಿಯೂದು, ಹತ್ತು ಹಾಕೂದು. ಪಂಪು ರಾತ್ರಿಗೂ ಬಂದ್ ಮಾಡೂಹಂಗಿಲ್ಲ, ಗಾಳಿ ಇಲ್ಲಂದ್ರ ಸ್ಪಂಜಿನ್ಯಾಗಿನ ಜೀವಾನೂ ಸಾಯ್ತಾವ. ಸ್ಪಂಜ್ ಭಾಳ ಕಟ್ಟಿಕೊಂಡ್ರ, ಪೆಟ್ಟಿಗಿಯಿಂದ ತಗದ ನೀರಾಗ ಒಮ್ಮೆ ಅದ್ದಿ ಮೆಲ್ಲಕ ಒತ್ತೂದು, ಅಷ್ಟ. ನಳದ ಕೆಳಗ ಹಿಡಿಯೂಹಂಗ ಇಲ್ಲ.

ಹತ್ತು ದಿನಕ್ಕ ಹಸರು ಕಡಿಮಿ ಆಗಿ ಹಳದಿ ಕಡೆ ಬಂತು. ಆದ್ರ ನೈಟ್ರೈಟಿನ ನಳಿಗಿ ಬದನಿಕಾಯಿ ಬಣ್ಣ ಆತು. ನಾ ಗಾಬರಿ ಆದೆ, ಆಕಿ ಫೋನಿನ್ಯಾಗ ಖುಷಿ ಆದ್ಲು: "ಮೊದಲನೇದು ಕೆಲಸಾ ಸುರು ಮಾಡ್ಯಾವ ದೊಡ್ಡವ್ವ, ಇನ್ನ ಎರಡನೇದು ಬರ್ಬೇಕು." ನೈಟ್ರೈಟ್ ರಕ್ತದಾಗ ಸೇರದಿರಲಿ ಅಂತ ಲೀಟರಿಗೆ ಒಂದು ಗ್ರಾಂ ಕಲ್ಲುಪ್ಪು ಕರಗಿಸಿ ಹಾಕು ಅಂದ್ಲು. ಇವ್ರಿಗೆ ಉಪ್ಪು ಬಂದ್, ಮೀನಿಗೆ ಚಾಲೂ. ಊಟದ ಮುಂದ ಅದನ್ನ ಅಂದು ನಗತಿದ್ರು ಇವ್ರು. ನಾಕನೇ ವಾರಕ್ಕ ಎರಡೂ ಸೊನ್ನಿಗೆ ಬಂದ್ವು.

ಈಗ ಮೊದಲ ಬಿಟ್ಟ ಮಾತು.

ಮೂರು ತಿಂಗಳಿಗೆ ದವಾಖಾನ್ಯಾಗ ತೋರಸಾಕ ಹೋಗೂಮುಂದ ಇವ್ರ ಬಿಪಿ ಬರಿಯೂ ಪಟ್ಟಿ ಕೈಚೀಲದಾಗ ಹಾಕ್ಕೊಂಡೆ. ಅಲ್ಲಿ ಪಾಳಿ ಬರೂತನಕ ತಗದು ನೋಡ್ತೀನಿ, ದಿನಾ ತಾರೀಖು, ಮುಂಜಾನಿ ಬಿಪಿ, ಅದರ ಮುಂದ ಸಣ್ಣ ಅಕ್ಷರದಾಗ ಮೀನಿನ ಲೆಕ್ಕ. "9." ಹಿಂಗ ನಾಕೈದು ದಿನ. "7." ಆಮ್ಯಾಲೆ, ನಾ ಮೊದಲನೇ ಸಲ ಹುಬ್ಬಳ್ಳಿಗೆ ಹೋಗಿ ಬಂದ ಮರುದಿನ, "7. ಖರೇ 5." ಮುಂದ "7. ಖರೇ 3." ನಾಕು ಸತ್ತ ಸೋಮವಾರ, "3. ಖರೇ 3." ಅದರ ಕೆಳಗ ಗೆರಿ ಹೊಡದಿದ್ರು, ಕ್ಯಾಶ್ ತಾಳಿ ಆದಾಗ ಹೊಡಿಯೂವಂಗ.

ಆಟೋದಾಗ ಬರೂಮುಂದ ಕೇಳಿದೆ. "ಗೊತ್ತಿತ್ತು?"

"ನೋಟು ಎಣಿಸಿದ ಕಣ್ಣವು. ಹೊಸಾದ್ದರ ಬಾಲಕ್ಕ ಸುಣ್ಣ ಹತ್ತಿದಂಗ ಬಿಳೇ ಕಲಿ ಇತ್ತು. ನಸಿಕಿನ್ಯಾಗ ನೀ ಖುರಪಿ ತಗೊಂಡು ಅಡ್ಡಾಡಿದ್ರ ನನಗ ನಿದ್ದಿ ಹತ್ತತಿತ್ತೇನು? ಕಿಡಕ್ಯಾಗ ನಿಂತು ನೋಡ್ತಿದ್ದೆ."

"ಮತ್ತ ಯಾಕ ಅನ್ನಲಿಲ್ಲ?"

ಸ್ವಲ್ಪ ಹೊತ್ತು ಸುಮ್ಮನಿದ್ರು. "ಮೀನಾ ಸತ್ತದ್ದನ್ನ ಇಷ್ಟು ಮುಚ್ಚಿ ಇಡೂ ಮನಷ್ಯಾಳು, ನಂದು ಏನೇನು ಮುಚ್ಚಿಟ್ಟಾಳ ಅಂತ ಅಂಜಿಕಿ ಆಗಿತ್ತು. ಕೇಳಿದ್ರ ಹೇಳಿಬಿಟ್ಟಿ ಅಂತ ಕೇಳಲಿಲ್ಲ."

ಆಟೋದಾಂವ ಹಾರ್ನ್ ಹೊಡೀತಿದ್ದ. ನಾ ಹೇಳಿಬಿಟ್ಟೆ. ಇನ್ನೊಂದು ನರದಾಗೂ ಬ್ಲಾಕ್ ಐತಿ, ಈಗ ಸ್ಟೆಂಟ್ ಬೇಕಿಲ್ಲ, ಗುಳಿಗಿಲೆ ನೋಡೂಣು, ಆರು ತಿಂಗಳಿಗೆ ಮತ್ತ ಟೆಸ್ಟ್ ಮಾಡೂಣು ಅಂತ ಅವತ್ತ ಪ್ಯಾಸೇಜಿನ್ಯಾಗ ಡಾಕ್ಟ್ರು ಹೇಳಿದ್ದು. ಹೇಳಬ್ಯಾಡಂತ ಡಾಕ್ಟ್ರು ಅಂದಿರಲಿಲ್ಲ, ನಾವಿಬ್ಬರ ಠರಾಯಿಸಿದ್ದು. ನಾ ಹೇಳೂಮುಂದ ಅವ್ರ ಕೈ ನೋಡ್ತಿದ್ದೆ. ಎದಿ ಮ್ಯಾಲೆ ಹೋಗಲಿಲ್ಲ. "ಎಷ್ಟು ಪರ್ಸೆಂಟ್?" ಅಂದ್ರು. ಹೇಳಿದೆ. ಮನಿಗೆ ಬಂದು ಪಟ್ಟಿಯಾಗ ಅದನ್ನೂ ಬರಕೊಂಡ್ರು. ಮಗಗ ಫೋನ್ ಮಾಡಿ ಐದು ನಿಮಿಷ ಬೈದ್ರು. ಸಿಟ್ಟಿಗೇಳಬಾರದು ಅಂತ ನಾ ಅಡ್ಡ ಹೋಗಲಿಲ್ಲ. ಮೊದಲಿನ ದನಿ ಕೇಳಿ ಎಷ್ಟು ದಿನಾ ಆಗಿತ್ತು.

ಆಮ್ಯಾಲೆ ರಾತ್ರಿ ನಾ ಅತ್ತೆ. ಅವ್ರು ಪೆಟ್ಟಿಗಿ ಮುಂದ ಕುಂತು, ಪಂಪಿನ ಗುಳ್ಳಿ ಸಪ್ಪಳದಾಗ ಕೇಳದವ್ರಂಗ ಮಾಡಿದ್ರು.

ಈಗ ಮೂರು ಅದಾವ, ಅಷ್ಟಕ್ಕೂ ಜಾಗಾ ಇಕ್ಕಟ್ಟು. ಮಗ ದೊಡ್ಡ ಪೆಟ್ಟಿಗಿ ತರ್ತೀನಿ ಅನ್ನಾಕತ್ತಾನ. ಒಂಬತ್ತು ಮಾಡಂಗಿಲ್ಲ ಅಂತ ನಾ ಹೇಳೀನಿ, ಲಕ್ಷ್ಮಿ ಬಂದಷ್ಟು ಬರಲಿ. ಹಿಂದಿನ ಕಾಜಿಗೆ ಹಸರು ಪಾಚಿ ಹತ್ತೈತಿ. ಮುಂದಿನ ಕಾಜ ಅಷ್ಟ ಒರಸ್ತೀನಿ, ಹಿಂದಿಂದು ಹಂಗ ಬಿಟ್ಟೀನಿ. ಬಂದವ್ರು ನೋಡ್ತಾರ, ನೋಡ್ಲಿ. ಮನಿಪ್ಲಾಂಟಿನ ಬೇರು ನೀರಾಗ ಇಳಿ ಬಿಟ್ಟೀನಿ, ಅದು ನೈಟ್ರೇಟ್ ಎಳಕೊಂಡು ದಿಮ್ಮನ ಎಲಿ ಬಿಟ್ಟೈತಿ. ಶನಿವಾರಕ್ಕೊಮ್ಮೆ ತಗದ ನೀರು ಮಲ್ಲಿಗಿ ಬುಡಕ ಹಾಕ್ತೀನಿ. ತುಳಸಿಗೆ ಹಾಕಬ್ಯಾಡ ಅಂತ ಅತ್ತಿಯವ್ರು ಆರ್ಡರ್ ಮಾಡ್ಯಾರ, ಮಲ್ಲಿಗಿಗೆ ನಡೀತೈತಂತ.

ಮೊನ್ನೆ ಬಾಜೂಮನಿ ಅಕ್ಕಾರ ಮಗಳು, ಅದ ಗಂಡಾಂತರದ ಅಕ್ಕಾರು, ತನ್ನ ಹುಡುಗಗ ಪೆಟ್ಟಿಗಿ ಕೊಡಿಸ್ಯಾಳ. ಸಂಜಿಮುಂದ ಸಣ್ಣ ಸ್ಟೀಲಿನ ಡಬ್ಬಿ ಹಿಡಕೊಂಡು ಬಂದು, "ಕಾಕು, ನಿಮ್ಮ ಆ ಹೊಲಸು ಸ್ಪಂಜ್ ಒಂದು ತುಂಡು ಕೊಡ್ತೀರೇನ್ರಿ?" ಅಂದ್ಲು. ನಾ ಕತ್ತರಿ ಹುಡುಕಾಕ ಎದ್ದಿದ್ದೆ, ದೇವರಮನಿಯಿಂದ ಅತ್ತಿಯವ್ರ ದನಿ ಬಂತು:

"ದೀಪಾ ಹಚ್ಚಿದ ಮ್ಯಾಲೆ ಹೆಪ್ಪು ಕೊಡಬಾರದು. ನಾಳೆ ಮುಂಜಾನೆ ಬಾ ಅನ್ನು ಆಕಿಗೆ."